ಡಿಗ್ರಿ ಇಲ್ಲದೆ ಸ್ವಂತವಾಗಿ ಇಂಟೀರಿಯರ್ ಡಿಸೈನ್: ಆಗೋ ಮಾತಾ?

ಹೊಸಗೆರೆ:
9 ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದೀನಿ. ನಮ್ಮ ಮನೆ, ಅಕ್ಕನ ಮನೆ, ಗೆಳತಿಯ ಪುಟ್ಟ ಆಫೀಸು, ಮೂರರ ಒಳಾಂಗಣವನ್ನೂ ನಾನೇ ನಿಂತು ಮಾಡಿಸಿದ್ದು. ನೋಡಿದವರೆಲ್ಲ ‘ಇದನ್ನೇ ಕಸುಬು ಮಾಡ್ಕೋ’ ಅಂತಾರೆ. ಡಿಗ್ರಿ ಇಲ್ಲ, ಡಿಪ್ಲೊಮಾನೂ ಇಲ್ಲ. ಕಂಪನಿ ಸೇರೋ ಆಸೆ ಇಲ್ಲ, ಸಣ್ಣಪುಟ್ಟ ಕೆಲಸ ಸ್ವಂತವಾಗಿ ಹಿಡಿಯೋಣ ಅಂತಿದೀನಿ. ಮುಚ್ಚುಮರೆ ಇಲ್ಲದೆ ಹೇಳಿ.

ನೀಲಿನಕ್ಷೆ:
ಬೇಜಾರು ಮಾಡ್ಕೋಬೇಡಿ. ಸ್ವಂತ ಮನೆ ಚೆಂದ ಮಾಡಿಸೋದು ಬೇರೆ, ಇನ್ನೊಬ್ಬರ ದುಡ್ಡಲ್ಲಿ ಮಾಡೋದು ಬೇರೆ. ನಾನು 4 ವರ್ಷ ಓದಿದೋಳು. ಕಾಲೇಜಲ್ಲಿ ಕಲಿತಿದ್ದು ಬಣ್ಣ, ಪರದೆ ಮಾತ್ರ ಅಲ್ಲ. ಯಾವ ಗೋಡೆ ಭಾರ ಹೊತ್ತಿದೆ, ಬೆಂಕಿ ಬಿದ್ದರೆ ಜನ ಯಾವ ಕಡೆಯಿಂದ ಹೊರಗೆ ಓಡ್ತಾರೆ, ಗಾಲಿಕುರ್ಚಿ ಪೂರ್ತಿ ತಿರುಗೋಕೆ ಒಂದೂವರೆ ಮೀಟರ್ ಜಾಗ ಬೇಕು, ಇಂಥವು. ಇವೆಲ್ಲ ಇನ್‌ಸ್ಟಾಗ್ರಾಮ್ ನೋಡಿ ಬರೋದಲ್ಲ.

ಉಳಿಪೆಟ್ಟು:
ಡಿಗ್ರಿ ನೋಡಿದ್ರೆ ನಗು ಬರುತ್ತೆ ನನಗೆ. 22 ವರ್ಷದಿಂದ ಮರಗೆಲಸ. ಓದಿಕೊಂಡ ಡಿಸೈನರೊಬ್ಬರು ವಾರ್ಡ್‌ರೋಬ್ ಡ್ರಾಯಿಂಗ್ ಕೊಟ್ಟರು, ಆಳ 18 ಇಂಚು. ಹ್ಯಾಂಗರ್ ಅಗಲವೇ 17 ಇಂಚಿನ ಆಸುಪಾಸು. ಅಂಗಿ ತೂಗುಹಾಕಿದ್ರೆ ಬಾಗಿಲು ಮುಚ್ಚುತ್ತಾ? ಕೇಳಿದ್ದಕ್ಕೆ ‘ರೂಮು ದೊಡ್ಡದಾಗಿ ಕಾಣಬೇಕು’ ಅಂದರು. 24 ಇಂಚು ಇಡಬೇಕು, ಸ್ಲೈಡಿಂಗ್ ಬಾಗಿಲಾದ್ರೆ ಹಳಿಗೆ ಇನ್ನೂ ಮೂರ್ನಾಲ್ಕು ಇಂಚು. ನಮ್ಮ ಹುಡುಗ್ರಿಗೆಲ್ಲ ಗೊತ್ತು ಇದು.

ನೀಲಿನಕ್ಷೆ:
ಒಬ್ಬರ ತಪ್ಪಿಗೆ ಕಾಲೇಜಿಗೇ ಬೀಗ ಹಾಕಿಸಬೇಡಿ ಅಣ್ಣ.

ಮೂಲೆಮನೆ:
ಜಪಾನಿನ ಆರ್ಕಿಟೆಕ್ಟ್ ತಡಾವೊ ಆಂಡೊ ಯಾವ ಕಾಲೇಜಲ್ಲೂ ಆರ್ಕಿಟೆಕ್ಚರ್ ಓದಲಿಲ್ಲ, ಮೊದಲು ಬಾಕ್ಸಿಂಗ್ ಮಾಡ್ತಿದ್ದವರು. 1995ರಲ್ಲಿ ಆರ್ಕಿಟೆಕ್ಚರಿನ ಅತಿ ದೊಡ್ಡ ಗೌರವಗಳಲ್ಲೊಂದಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಎಲ್ಸಿ ಡಿ ವುಲ್ಫ್ ನಾಟಕದ ನಟಿ. 1905ರಲ್ಲಿ ನ್ಯೂಯಾರ್ಕಿನ ಕಾಲನಿ ಕ್ಲಬ್ಬಿನ ಒಳಾಂಗಣದ ಕೆಲಸ ಸಿಕ್ತು, ಅಲ್ಲಿಂದ ಹಿಂದೆ ತಿರುಗಿ ನೋಡಲಿಲ್ಲ. ಇನ್ನೇನು ಬೇಕು?

ನೀಲಿನಕ್ಷೆ:
ಆಂಡೊ ಹಳೇ ಪುಸ್ತಕದಂಗಡಿಯಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲ ಕಾರ್ಬೂಸಿಯೆಯ ನಕ್ಷೆಗಳ ಪುಸ್ತಕ ಕೊಂಡು, ಪುಟ ಕಪ್ಪಾಗೋವರೆಗೂ ಅದರ ಮೇಲೆ ಗೆರೆ ಎಳೆದು ಕಲಿತವರು. ಅದೂ ಓದೇ. ಡಿ ವುಲ್ಫ್‌ಗೆ ದೊಡ್ಡವರ ಪರಿಚಯ ಬೇಕಾದಷ್ಟಿತ್ತು. ಕತೆ ಹೇಳೋವಾಗ ಪೂರ್ತಿ ಹೇಳಿ.

ಕಾನೂನಿನ ಮಾತೂ ಇದೆ. ಎಷ್ಟೋ ದೇಶಗಳಲ್ಲಿ ‘ಆರ್ಕಿಟೆಕ್ಟ್’ ಅನ್ನೋ ಹೆಸರು ನೋಂದಣಿ ಇದ್ದವರಿಗೆ ಮಾತ್ರ. ಇಂಟೀರಿಯರ್ ಡಿಸೈನರ್ ಅನ್ನೋಕೆ ಹೆಚ್ಚಿನ ಕಡೆ ಅಷ್ಟು ಬಿಗಿ ಇಲ್ಲ, ಆದ್ರೂ ಅಮೆರಿಕದ ನೆವಾಡಾ, ಲೂಸಿಯಾನಾ ತರಹದ ರಾಜ್ಯಗಳಲ್ಲಿ ಅದಕ್ಕೂ ನೋಂದಣಿ ಬೇಕು. ನಿಮ್ಮಲ್ಲಿ ಏನಿದೆ ಅಂತ ನೋಡ್ಕೊಂಡೇ ಕಾರ್ಡ್ ಪ್ರಿಂಟ್ ಹಾಕಿಸಿ.

ಅಳತೆಪಟ್ಟಿ:
ನಾನು ಡಿಗ್ರಿ ಇಲ್ಲದೆ 6 ವರ್ಷದಿಂದ ಇದರಲ್ಲೇ ಊಟ ಮಾಡ್ತಿದೀನಿ. ಆದ್ರೂ ನೀಲಿನಕ್ಷೆ ಮೇಡಂ ಮಾತನ್ನ ತಳ್ಳಿಹಾಕಲ್ಲ, ನನ್ನ ಮೊದಲ ಕೆಲಸದ ಕತೆಯೇ ಹಾಗಿದೆ.

ಎಲ್ ಆಕಾರದ ಅಡುಗೆಮನೆ. ಮೂಲೆಯ ಎರಡೂ ಬದಿಗೆ ಡ್ರಾಯರ್ ಇಟ್ಟಿದ್ದೆ. ಸ್ಕೆಚ್‌ಅಪ್ ಅನ್ನೋ 3ಡಿ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಚಿತ್ರ ಎಷ್ಟು ಚೆನ್ನಾಗಿತ್ತು ಅಂದ್ರೆ ಅವರು ಅದನ್ನ ನೆಂಟರಿಗೆಲ್ಲ ಕಳಿಸಿದ್ರು. ಫಿಟ್ಟಿಂಗ್ ಮುಗಿದ ದಿನ ಮನೆಯೊಡತಿ ಒಂದು ಡ್ರಾಯರ್ ಎಳೆದ್ರು. ಟಕ್ ಅಂತ ಪಕ್ಕದ್ದರ ಹಿಡಿಗೆ ಬಡಿದು ನಿಂತುಬಿಡ್ತು, ಅರ್ಧ ಅಡಿನೂ ಬರಲಿಲ್ಲ. ನನ್ನ ಚಿತ್ರದಲ್ಲಿ ಎಲ್ಲಾ ಡ್ರಾಯರೂ ಮುಚ್ಚೇ ಇದ್ವು ನೋಡಿ! ಮೂಲೆಯಲ್ಲಿ ಎರಡೂ ಕಡೆ 2 ಇಂಚಿನ ಫಿಲ್ಲರ್ ಪಟ್ಟಿ, ಅಂದ್ರೆ ಸಂದು ತುಂಬೋ ಖಾಲಿ ಪಟ್ಟಿ, ಬಿಟ್ಟಿದ್ರೆ ಮುಗಿದುಹೋಗ್ತಿತ್ತು. ಎರಡು ಕ್ಯಾಬಿನೆಟ್ ಬಿಚ್ಚಿ ಹೊಸದಾಗಿ ಮಾಡಿಸಿದೆ. ಫೀಸೆಲ್ಲ ಅದಕ್ಕೇ ಹೋಯ್ತು, ಮೇಲೆ ಕೈಯಿಂದ ಬೇರೆ. ಈಗ ಯಾವ ಡ್ರಾಯಿಂಗ್ ಮಾಡಿದ್ರೂ ಎಲ್ಲಾ ಬಾಗಿಲು, ಡ್ರಾಯರ್ ತೆರೆದಿರೋ ಹಾಗೆ ಒಂದು ಪ್ಲಾನ್ ಬೇರೆಯಾಗಿ ಎಳೀತೀನಿ.

ಹೊಸಗೆರೆ:
ಓದ್ತಾ ಓದ್ತಾ ಹೊಟ್ಟೆ ತೊಳಸಿದ ಹಾಗಾಯ್ತು. ಹಾಗಾದ್ರೆ ನಾನು ಮೊದಲು ಕಲಿಯಬೇಕಾದ್ದು ಡ್ರಾಯಿಂಗಾ?

ಅಳತೆಪಟ್ಟಿ:
ಡ್ರಾಯಿಂಗು ಕಲಿಯಲೇಬೇಕು. ಅಳತೆ ಹಾಕಿದ ಪ್ಲಾನು, ಎಲಿವೇಶನ್ನು (ಗೋಡೆಯನ್ನ ಎದುರಿಂದ ನೋಡಿದ ಹಾಗೆ ಎಳೆದ ಚಿತ್ರ) ಇಲ್ಲದೆ ಬಾಯಲ್ಲಿ ಹೇಳಿ ಕೆಲಸ ಮಾಡಿಸಿದ್ರೆ ತಪ್ಪು ಯಾರದ್ದು ಅಂತ ಆಮೇಲೆ ಗೊತ್ತೇ ಆಗಲ್ಲ. ಆದ್ರೆ ನಿಮ್ಮ ಕೈಯಲ್ಲಿ ಈಗಾಗಲೇ ಇರೋ ಬಂಡವಾಳ ಲೆಕ್ಕ. ನಾನು ಕಂಡ ಜಗಳಗಳಲ್ಲಿ ಅರ್ಧಕ್ಕರ್ಧ ದುಡ್ಡಿಂದು. ಸಾಮಾನಿನ ದುಡ್ಡು ನಿಮ್ಮ ಖಾತೆಗೆ ಬರೋದೇ ಬೇಡ, ಅಂಗಡಿಯವರಿಗೆ ಮನೆಯವರೇ ಕೊಡಲಿ. ನಿಮ್ಮ ಫೀಸು ಬೇರೆ, ಹಂತಹಂತವಾಗಿ. ಎಷ್ಟು ಸಲ ಬದಲಾವಣೆ ಮಾಡಿಕೊಡ್ತೀರಿ ಅಂತ ಮೊದಲೇ ಬರೆದಿಡಿ, ಇಲ್ಲಾಂದ್ರೆ ಹದಿನೇಳನೇ ಸಲ ಸೋಫಾ ಜಾಗ ಬದಲಾಯಿಸ್ತಾ ಕೂತಿರ್ತೀರಿ.

ಉಳಿಪೆಟ್ಟು:
ಅಂಗಡಿಯವರು ಡಿಸೈನರಿಗೆ ಕೊಡೋ ಕಮಿಷನ್ ಮಾತು ಮಾತ್ರ ಯಾರೂ ಎತ್ತಲ್ಲ!

ಅಳತೆಪಟ್ಟಿ:
ಎತ್ತೋಣ ಬನ್ನಿ. ಮನೆಯವರಿಗೆ ಹೇಳಿ ತಗೊಂಡ್ರೆ ಅದು ವ್ಯವಹಾರ, ಹೇಳದೆ ತಗೊಂಡ್ರೆ ಕಳ್ಳತನ. ನಾನು ತಗೊಳ್ಳಲ್ಲ, ಅದಕ್ಕೇ ನನ್ನ ಫೀಸು ಜಾಸ್ತಿ.

ಮೂಲೆಮನೆ:
ಕೆಲಸ ಸಿಗೋವರೆಗೂ ಈ ಮಡಿ ಎಲ್ಲ ಇರುತ್ತಾ ಅಂತ.

ನೀಲಿನಕ್ಷೆ:
ಇಷ್ಟೆಲ್ಲ ಆದ್ಮೇಲೆ ನನ್ನ ತಕರಾರು ಒಂದೇ. ಗೋಡೆ ಒಡೆಯೋದು, ವೈರಿಂಗು, ನೀರಿನ ಪೈಪು, ಇವುಗಳಿಗೆ ಗೊತ್ತಿದ್ದವರನ್ನ ಕರೀರಿ, ‘ನೋಡ್ಕೊಂಡು ಮಾಡೋಣ’ ಅನ್ನಬೇಡಿ. ಮೊದಲಿಗೆ ಒಂದೇ ರೂಮಿನ ಕೆಲಸ ಹಿಡಿಯಿರಿ. ಬೇಕಿದ್ರೆ ಮೊದಲ ಡ್ರಾಯಿಂಗ್ ಕಳಿಸಿ, ನೋಡಿಕೊಡ್ತೀನಿ. ಕೆಂಪು ಪೆನ್ನು ಜೋರಾಗೇ ಓಡುತ್ತೆ, ಆಮೇಲೆ ಬೈಕೋಬಾರದು.

ಹೊಸಗೆರೆ:
ಖಂಡಿತ ಕಳಿಸ್ತೀನಿ ಮೇಡಂ. ಈಗಷ್ಟೇ ಎದ್ದು ಹೋಗಿ ನಮ್ಮ ಅಡುಗೆಮನೆ ಮೂಲೆಯ ಡ್ರಾಯರ್ ಎಳೆದು ನೋಡಿದೆ. ತಾಕಲ್ಲ, ಒಂದು ಬೆರಳು ತೂರುವಷ್ಟು ಜಾಗ ಇದೆ. ಆದ್ರೆ ನಾನು ಯೋಚನೆ ಮಾಡಿ ಬಿಟ್ಟಿದ್ದಲ್ಲ ಅದು, ಅದೃಷ್ಟ.

ಉಳಿಪೆಟ್ಟು:
ಅದೃಷ್ಟ ಅಲ್ಲಮ್ಮ. ನಿಮ್ಮ ಕಾರ್ಪೆಂಟರ್ ಯೋಚನೆ ಮಾಡಿರ್ತಾನೆ. ಫೋನ್ ಮಾಡಿ ಕೇಳಿ.