ಕಾರಿನ ಬಟ್ಟೆ ಸೀಟುಗಳ ಬಣ್ಣವನ್ನು ಮನೆಯಲ್ಲೇ ಬದಲಾಯಿಸಬಹುದೇ?

ಪ್ರಶ್ನೆ

ನಮ್ಮ ಕಾರಿಗೆ ಈಗ ಹನ್ನೊಂದು ವರ್ಷ. ಎಂಜಿನ್ ಚೆನ್ನಾಗಿದೆ, ಬಾಡಿಯಲ್ಲೂ ತುಕ್ಕಿಲ್ಲ. ಆದರೆ ತಿಳಿ ಕಂದು ಬಣ್ಣದ ಬಟ್ಟೆ ಸೀಟುಗಳು ಮಾತ್ರ ಬಿಸಿಲು ಬೀಳುವ ಕಡೆ ಬಿಳಿಚಿಕೊಂಡು, ಕೈಕಾಲು ತಾಗುವ ಕಡೆ ಕಪ್ಪಿಟ್ಟು, ಒಂದೇ ಸೀಟಿನಲ್ಲಿ ಮೂರು ಬಣ್ಣ ಕಾಣುವಂತಾಗಿವೆ. ಎಲ್ಲವನ್ನೂ ಗಾಢ ಬೂದು ಬಣ್ಣಕ್ಕೆ ತರಬೇಕೆಂಬುದು ನನ್ನ ಆಸೆ. ಪರೀಕ್ಷೆಗೆಂದು ಹತ್ತಿ ಬಟ್ಟೆಗೆ ಹಾಕುವ ಬಣ್ಣದ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಹಿಂದಿನ ಸೀಟಿನ ಒಂದು ಹೆಡ್‌ರೆಸ್ಟಿಗೆ ಸ್ಪಂಜಿನಿಂದ ಹಚ್ಚಿದೆ. ಒದ್ದೆಯಿದ್ದಾಗ ಬಣ್ಣ ತುಂಬಿಕೊಂಡಂತೆಯೇ ಕಂಡಿತು. ಒಣಗಿದ ಮೇಲೆ ತೇವದ ಬಿಳಿ ಕರವಸ್ತ್ರದಿಂದ ಒಂದು ಸಲ ಒರೆಸಿದ್ದೇ ತಡ, ಬಣ್ಣವೆಲ್ಲ ಕರವಸ್ತ್ರಕ್ಕೆ ಬಂದು ಸೀಟಿನಲ್ಲಿ ಮಾಸಲು ಕಲೆಯಷ್ಟೇ ಉಳಿಯಿತು. ನಾನು ತಪ್ಪಿದ್ದೆಲ್ಲಿ? ಇದೇ ಕೆಲಸವನ್ನು ಛಾವಣಿಯ ಬಟ್ಟೆಗೂ ನೆಲದ ಕಾರ್ಪೆಟ್ಟಿಗೂ ಮಾಡಬಹುದೇ?

ಮೊದಲ ಉತ್ತರ

ನೀವು ಹಚ್ಚಿದ ರೀತಿಯಲ್ಲಿ ತಪ್ಪಿಲ್ಲ, ಆ ಬಣ್ಣಕ್ಕೂ ಆ ಬಟ್ಟೆಗೂ ಹೊಂದಿಕೆಯಿಲ್ಲ, ಅಷ್ಟೆ. ಬಟ್ಟೆಗಳಿಗೆ ಬಣ್ಣ ಹಾಕುವ ಘಟಕದಲ್ಲಿ ಬಹಳ ಕಾಲ ಕೆಲಸ ಮಾಡಿದವನಾದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹತ್ತಿಯ ಎಳೆ ನೀರನ್ನು ಹೀರಿಕೊಳ್ಳುತ್ತದೆ, ನೀರಿನ ಜೊತೆಗೆ ಬಣ್ಣವೂ ಒಳಗೆ ಹೋಗಿ ನಿಲ್ಲುತ್ತದೆ. ಕಾರಿನ ಸೀಟಿನ ಬಟ್ಟೆಯಾದರೋ ಹೆಚ್ಚಿನಂಶ ಪಾಲಿಯೆಸ್ಟರ್, ಅದರ ಎಳೆಗೆ ನೀರೇ ಹತ್ತುವುದಿಲ್ಲ. ಅದಕ್ಕೆ ಡಿಸ್ಪರ್ಸ್ ಎಂಬ ಬೇರೆಯೇ ಜಾತಿಯ ಬಣ್ಣ ಬೇಕು. ಅದೂ ಸುಮಾರು 130 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮುಚ್ಚಿದ ಪಾತ್ರೆಯ ಒತ್ತಡದಲ್ಲಿ, ಎಳೆ ಸಡಿಲಗೊಂಡಾಗ ಮಾತ್ರ ಒಳಗೆ ಇಳಿಯುತ್ತದೆ. ಸ್ಪಂಜಿನ ಮೇಲೆ ಬಿಗಿದು ಕೂರಿಸಿದ ಬಟ್ಟೆಯನ್ನು ಹಾಗೆ ಕುದಿಸುವುದು ಸಾಧ್ಯವಿಲ್ಲದ ಮಾತು.

ಹಾಗಾಗಿ ಮನೆಯಲ್ಲಿ ಮಾಡಬಹುದಾದದ್ದು ಎಳೆಯೊಳಗೆ ಬಣ್ಣ ಇಳಿಸುವುದಲ್ಲ, ಎಳೆಯ ಮೇಲೆ ಬಾಗಿದರೂ ಬಿರಿಯದ ತೆಳುವಾದ ಲೇಪ ಕೊಡುವುದು. ಕಾರಿನ ಬಟ್ಟೆಗೆಂದೇ ಬರುವ ಸ್ಪ್ರೇ ಡಬ್ಬಿಗಳ ಮೇಲೆ ಡೈ ಎಂದು ಬರೆದಿದ್ದರೂ ಅವು ಮಾಡುವುದು ಇದನ್ನೇ. ಲೇಪವೆಂದ ಮೇಲೆ ತಿಳಿ ಬಣ್ಣದ ಮೇಲೆ ಗಾಢ ಬಣ್ಣ ಸುಲಭವಾಗಿ ಕೂರುತ್ತದೆ, ಕಪ್ಪು ಸೀಟನ್ನು ಕೆನೆ ಬಣ್ಣಕ್ಕೆ ತರಲು ಹೋದರೆ ದಪ್ಪ ಪದರ ಹಚ್ಚಬೇಕಾಗಿ ಬಟ್ಟೆ ಹಲಗೆಯಂತಾಗುತ್ತದೆ. ನಿಮ್ಮ ಆಯ್ಕೆ ಆ ದೃಷ್ಟಿಯಿಂದ ಸರಿಯಾಗಿಯೇ ಇದೆ.

ಎರಡನೆಯ ಉತ್ತರ

ಎರಡು ವರ್ಷಗಳ ಹಿಂದೆ ನಾನು ಈ ಕೆಲಸವನ್ನು ಸ್ವತಃ ಮಾಡಿದ್ದೇನೆ. ಬಣ್ಣ ಹಚ್ಚಿದ್ದಕ್ಕಿಂತ ತೊಳೆದದ್ದಕ್ಕೇ ಹೆಚ್ಚು ಸಮಯ ಹೋಯಿತು, ಹೋಗಲೇಬೇಕು ಕೂಡ. ಬೆವರಿನ ಜಿಡ್ಡು, ಹೊಳಪಿಗೆಂದು ಹಿಂದೆ ಹಚ್ಚಿದ ಸಿಲಿಕಾನ್ ಪಾಲಿಶ್ ಇವುಗಳ ಮೇಲೆ ಲೇಪ ನಿಲ್ಲುವುದಿಲ್ಲ. ಶಾಂಪೂ ನೊರೆಯಿಂದ ಮೃದುವಾದ ಬ್ರಷ್ಷಿನಲ್ಲಿ ಉಜ್ಜಿ, ನೀರೆಳೆಯುವ ವ್ಯಾಕ್ಯೂಮಿನಿಂದ ಎಳೆದು, ಎರಡು ದಿನ ಪೂರ್ತಿ ಒಣಗಲು ಬಿಡಿ. ಮೇಲೆ ಒಣಗಿದಂತೆ ಕಂಡರೂ ಒಳಗಿನ ಸ್ಪಂಜಿನಲ್ಲಿ ತೇವ ಉಳಿದಿರುತ್ತದೆ. ಆಮೇಲೆ ಪ್ಲಾಸ್ಟಿಕ್ಕು, ಸ್ವಿಚ್ಚು, ಬೆಲ್ಟಿನ ಬಕಲ್ ಎಲ್ಲವನ್ನೂ ಮಾಸ್ಕಿಂಗ್ ಟೇಪಿನಿಂದ ಮುಚ್ಚಬೇಕು.

ಡಬ್ಬಿಯನ್ನು ಒಂದು ಗೇಣಿನಷ್ಟು ದೂರ ಹಿಡಿದು, ಬಟ್ಟೆಯ ಮೇಲೆ ಮಂಜು ಕೂತಂತೆ ಹಚ್ಚಿ; ಮೊದಲ ಪದರದಲ್ಲಿ ಹಳೆಯ ಬಣ್ಣ ಇಣುಕುತ್ತಿದ್ದರೆ ಗಾಬರಿಯಾಗಬೇಡಿ. ನಾನು ಮೊದಲ ಸೀಟಿನಲ್ಲಿ ಆತುರಪಟ್ಟು ಒಂದೇ ಸಲಕ್ಕೆ ಪೂರ್ತಿ ಮುಚ್ಚಲು ಹೋಗಿ, ಅಂಚಿನ ಕಡೆ ಎಳೆಗಳೆಲ್ಲ ಒಂದಕ್ಕೊಂದು ಅಂಟಿ, ಕೈಯಾಡಿಸಿದರೆ ಒಣಗಿದ ಗಂಜಿಯಂತೆ ಗರಗರ ಎನ್ನುವ ಹಾಗಾಯಿತು. ಅದು ಇಂದಿಗೂ ಹಾಗೆಯೇ ಇದೆ. ಮುಂದಿನ ಸೀಟುಗಳಿಗೆ ನಾಲ್ಕು ತೆಳು ಪದರ ಹಚ್ಚಿ, ಪ್ರತಿ ಪದರ ಒಣಗಿದ ಮೇಲೆ ಒಣ ನೈಲಾನ್ ಬ್ರಷ್ಷಿನಿಂದ ಎಳೆಗಳನ್ನು ಬಿಡಿಸಿದೆ. ಅವು ಮೃದುವಾಗಿಯೇ ಉಳಿದಿವೆ.

ಒಂದು ಮಾತನ್ನು ದಯವಿಟ್ಟು ಲಘುವಾಗಿ ತೆಗೆದುಕೊಳ್ಳಬೇಡಿ. ಈ ಸ್ಪ್ರೇಗಳ ಆವಿ ಉಸಿರಿಗೂ ಕೆಟ್ಟದ್ದು, ಬೆಂಕಿಯನ್ನೂ ಬೇಗ ಹಿಡಿಯುತ್ತದೆ. ನಾಲ್ಕೂ ಬಾಗಿಲು ತೆರೆದಿರಲಿ, ದೂಳಿನ ಮಾಸ್ಕ್ ಸಾಲದು, ರಾಸಾಯನಿಕ ಆವಿಯನ್ನು ತಡೆಯುವ ಕಾರ್ಟ್ರಿಜ್ ಮಾಸ್ಕನ್ನೇ ಹಾಕಿಕೊಳ್ಳಿ.

ಮೂರನೆಯ ಉತ್ತರ

ಸೀಟು ಹೊಲಿಯುವುದೇ ನನ್ನ ಕಸುಬು. ಮೇಲಿನವರು ಹೇಳಿದ್ದೆಲ್ಲ ಸರಿ, ಮುಟ್ಟಬಾರದ ಜಾಗಗಳನ್ನು ಮಾತ್ರ ನಾನು ಸೇರಿಸುತ್ತೇನೆ. ಸೀಟ್ ಬೆಲ್ಟಿನ ಪಟ್ಟಿಗೆ ಬಣ್ಣವನ್ನಾಗಲಿ ಬ್ಲೀಚನ್ನಾಗಲಿ ಸೋಕಿಸಬೇಡಿ. ಅದರ ಎಳೆ ದುರ್ಬಲವಾದರೆ ಕಣ್ಣಿಗೆ ತಿಳಿಯುವುದಿಲ್ಲ, ಅಪಘಾತದಲ್ಲೇ ತಿಳಿಯುತ್ತದೆ. ಮುಂದಿನ ಸೀಟಿನ ಬೆನ್ನಿನ ಬದಿಯಲ್ಲಿ ಏರ್‌ಬ್ಯಾಗ್ ಎಂಬ ಗುರುತಿನ ಚೀಟಿ ಇದ್ದರೆ ಆ ಕಡೆಯ ಹೊಲಿಗೆಗೆ ಲೇಪ ಬೇಡ, ಏಕೆಂದರೆ ಏರ್‌ಬ್ಯಾಗ್ ಹೊರಬರುವುದು ಆ ಹೊಲಿಗೆ ಬಿಚ್ಚಿಕೊಂಡಾಗಲೇ. ಸೀಟುಗಳನ್ನು ಹೊರತೆಗೆದು ಕೆಲಸ ಮಾಡುವ ಯೋಚನೆಯಿದ್ದರೆ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಸೀಟಿನ ಕೆಳಗಿರುವ, ಏರ್‌ಬ್ಯಾಗಿನ ತಂತಿಯ ಹಳದಿ ಕನೆಕ್ಟರನ್ನು ಎಳೆಯಬೇಡಿ. ತೊಳೆಯುವಾಗಲೂ ಚಾಲಕನ ಪಕ್ಕದ ಸೀಟಿಗೆ ನೀರು ಸುರಿಯಬೇಡಿ, ಅದರೊಳಗೆ ಕೂತವರನ್ನು ಗುರುತಿಸುವ ಸೆನ್ಸರ್ ಇರಬಹುದು.

ಛಾವಣಿಯ ಬಟ್ಟೆ ತೆಳು ಸ್ಪಂಜಿನ ಮೇಲೆ ಅಂಟಿನಿಂದ ನಿಂತಿರುತ್ತದೆ. ಹನ್ನೊಂದು ವರ್ಷದ ಅಂಟು ತೇವ ತಾಗಿದರೆ ಸಡಿಲವಾಗಿ ಬಟ್ಟೆ ಜೋತುಬೀಳಬಹುದು, ಅದನ್ನು ಬಿಟ್ಟುಬಿಡುವುದೇ ಮೇಲು. ಕಾರ್ಪೆಟ್ಟಿಗೆ ಹಚ್ಚಬಹುದು, ಆದರೆ ಶೂ ಉಜ್ಜುವ ಜಾಗದಲ್ಲಿ ಬೇಗ ಸವೆಯುತ್ತದೆ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರಿಗೂ ಧನ್ಯವಾದಗಳು. ನಿನ್ನೆ ಸೀಟಿನ ಅಡಿಯ ಹೊಲಿಗೆಯಿಂದ ಒಂದು ಎಳೆ ಕಿತ್ತು, ಕಾರಿನಿಂದ ದೂರ ಹೋಗಿ, ಚಿಮಟದಲ್ಲಿ ಹಿಡಿದು ಸುಟ್ಟು ನೋಡಿದೆ. ಬೂದಿಯಾಗದೆ, ಕಪ್ಪು ಹೊಗೆ ಬಿಟ್ಟು ಮುದುಡಿ, ಗಟ್ಟಿಯಾದ ಕಪ್ಪು ಮಣಿಯಂತಾಯಿತು. ಪಾಲಿಯೆಸ್ಟರೇ ಇರಬೇಕಲ್ಲವೇ? ಹಾಳಾದ ಹೆಡ್‌ರೆಸ್ಟಿನ ಮೇಲೆಯೇ ಮೊದಲು ಸ್ಪ್ರೇ ಹಚ್ಚಿ ನೋಡೋಣವೆಂದಿದ್ದೇನೆ.

ಮೊದಲ ಉತ್ತರ ಬರೆದವರು

ಹೌದು, ಪಾಲಿಯೆಸ್ಟರೇ. ಆದರೆ ಹೆಡ್‌ರೆಸ್ಟಿನಲ್ಲಿ ಉಳಿದಿರುವ ಹಳೆಯ ಪುಡಿ ಬಣ್ಣವನ್ನು, ಒರೆಸಿದ ಬಿಳಿ ಬಟ್ಟೆಗೆ ಏನೂ ಹತ್ತದಷ್ಟು ಮೊದಲು ತೊಳೆದು ತೆಗೆಯಿರಿ. ಸ್ಪ್ರೇ ಹಚ್ಚಿದ ಮೇಲೆ ಒಂದು ವಾರ ಬಿಟ್ಟು ಅದೇ ಕರವಸ್ತ್ರದ ಪರೀಕ್ಷೆಯನ್ನು ಒಣಗಿಸಿಯೂ ಒದ್ದೆ ಮಾಡಿಯೂ ಮಾಡಿ. ಎರಡರಲ್ಲೂ ಬಣ್ಣ ಬಾರದಿದ್ದರೆ ಸೀಟಿಗೆ ಕೈಹಾಕಿ.