ಬೆಕ್ಕು ರತ್ನಗಂಬಳಿ ಪರಚುವುದನ್ನು ಬಿಡಿಸುವುದು ಹೇಗೆ? ಮುಂಬೈ, ಪುಣೆ, ಗೋವಾದಿಂದ ಕೆಲವರ ಅನುಭವ

ಪ್ರಶ್ನೆ, ಡೊಂಬಿವಲಿಯಿಂದ

ನಮ್ಮ ಮನೆಯಲ್ಲಿ ಎರಡು ವರ್ಷದ ಹೆಣ್ಣು ಬೆಕ್ಕೊಂದಿದೆ. ಚಿನ್ನಿ ಎಂದು ಕರೆಯುತ್ತೇವೆ. ದೀಪಾವಳಿಗೆಂದು ಹಜಾರಕ್ಕೆ ಹಾಸಿದ ರತ್ನಗಂಬಳಿಯಲ್ಲಿ ಸೋಫಾದ ಪಕ್ಕದ ಮೂಲೆಯೊಂದನ್ನೇ ಹಿಡಿದು ಅದು ದಿನವೂ ಪರಚಿ ಎಳೆ ಕೀಳುತ್ತಿದೆ. ಗದರಿಸಿದೆವು, ಮುಖಕ್ಕೆ ನೀರು ಚಿಮುಕಿಸಿದೆವು, ಹಗ್ಗ ಸುತ್ತಿದ ಕಂಬವೊಂದನ್ನು ತಂದು ಬಾಲ್ಕನಿಯಲ್ಲಿಟ್ಟೆವು. ಕಂಬವನ್ನು ಅದು ಮೂಸಿಯೂ ನೋಡಲಿಲ್ಲ. ಉಗುರನ್ನೇ ತೆಗೆಸಿಬಿಡಿ ಎಂದು ನೆರೆಮನೆಯವರು ಹೇಳುತ್ತಾರೆ, ನನಗೆ ಮನಸ್ಸು ಒಪ್ಪುತ್ತಿಲ್ಲ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಮಾಟುಂಗಾದಿಂದ

ಉಗುರು ತೆಗೆಸುವ ವಿಚಾರವನ್ನು ದಯವಿಟ್ಟು ಇವತ್ತೇ ಕೈಬಿಡಿ. ಅದು ಉಗುರು ಕತ್ತರಿಸುವ ಕೆಲಸವಲ್ಲ. ಪ್ರತಿ ಬೆರಳಿನ ಕೊನೆಯ ಮೂಳೆಯನ್ನೇ ಕಡಿದು ತೆಗೆಯುವ ಶಸ್ತ್ರಚಿಕಿತ್ಸೆ. ಬ್ರಿಟನ್ ಸೇರಿ ಹಲವು ದೇಶಗಳಲ್ಲಿ ಅದಕ್ಕೆ ನಿಷೇಧವಿದೆ, ನಮ್ಮಲ್ಲಿಯೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಪ್ರಾಣಿಗಳ ಅಂಗಭಂಗ ಮಾಡುವುದನ್ನು ಅಪರಾಧವೆಂದು ಹೇಳುತ್ತದೆ. ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ.

ಬೆಕ್ಕು ಪರಚುವುದು ಹಟಕ್ಕಲ್ಲ. ಉಗುರಿನ ಮೇಲಿನ ಹಳೆಯ ಪದರ ಕಳಚಬೇಕು, ನಿದ್ದೆಯಿಂದ ಎದ್ದಾಗ ಬೆನ್ನು, ಭುಜ ಸೆಟೆಸಬೇಕು, ಜೊತೆಗೆ ಅಂಗಾಲಿನ ಗ್ರಂಥಿಗಳಿಂದ ತನ್ನ ವಾಸನೆಯನ್ನು ಅಲ್ಲಿ ಉಳಿಸಿ ಇದು ನನ್ನ ಜಾಗ ಎಂದು ಗುರುತು ಹಾಕಬೇಕು. ಹಾಗಾಗಿ ಪರಚುವುದನ್ನೇ ನಿಲ್ಲಿಸಲು ನಮ್ಮಿಂದಾಗದು. ಎಲ್ಲಿ ಪರಚಬೇಕೆಂಬುದನ್ನು ಮಾತ್ರ ಬದಲಿಸಬಹುದು.

ನನ್ನ ತಾಯಿ ಕೊಟ್ಟ ನವಲಗುಂದದ ಜಮಖಾನ ನಮ್ಮ ಮನೆಯಲ್ಲಿದೆ. ಅಂಚಿನಲ್ಲಿ ನವಿಲು ನೇಯ್ದಿರುವ ಅದರ ಒಂದು ನವಿಲನ್ನು ನಮ್ಮ ಕರಿಯ ಪೂರ್ತಿ ಬಿಚ್ಚಿಹಾಕಿದ. ನಾನೂ ನಿಮ್ಮಂತೆಯೇ ಕಂಬವೊಂದನ್ನು ತಂದಿದ್ದೆ, ವ್ಯರ್ಥವಾಯಿತು. ಆಮೇಲೆ ನಾಲ್ಕೈದು ದಿನ ಏನೂ ಮಾಡದೆ ಸುಮ್ಮನೆ ನೋಡಿದೆ. ಮಧ್ಯಾಹ್ನದ ನಿದ್ದೆ ಮುಗಿಸಿ ದಿವಾನದಿಂದ ಇಳಿದವನೇ ಮುಂಗಾಲುಗಳನ್ನು ನೆಲಕ್ಕೆ ಉದ್ದಕ್ಕೆ ಚಾಚಿ, ಹಿಂಭಾಗವನ್ನು ಎತ್ತಿ, ಉಗುರನ್ನು ಜಮಖಾನಕ್ಕೆ ನೆಟ್ಟು ಮೈಯನ್ನು ಹಿಂದಕ್ಕೆ ಎಳೆಯುತ್ತಿದ್ದ. ಅವನಿಗೆ ಬೇಕಿದ್ದುದು ನೆಲಕ್ಕೆ ಅಡ್ಡವಾಗಿರುವ, ದಿವಾನದಿಂದ ಎರಡು ಹೆಜ್ಜೆ ದೂರದ ಒರಟು ಜಾಗ. ನಾನು ಕೊಟ್ಟಿದ್ದು ಮನೆಯ ಇನ್ನೊಂದು ತುದಿಯಲ್ಲಿ ನೆಟ್ಟಗೆ ನಿಂತ ಕಂಬ. ನಿಮ್ಮ ಚಿನ್ನಿ ಸೋಫಾದ ಮೇಲೆ ಮಲಗುತ್ತಾಳೆಯೇ, ಎದ್ದ ತಕ್ಷಣ ಪರಚುತ್ತಾಳೆಯೇ ಎಂದು ಗಮನಿಸಿ. ಕಂಬವನ್ನು ಬಾಲ್ಕನಿಯಲ್ಲಿಟ್ಟಿರುವುದೇ ತೊಂದರೆ ಎಂದು ನನಗೆ ಅನ್ನಿಸುತ್ತದೆ.

ಎರಡು ಅಡಿ ಉದ್ದದ ಪ್ಲೈವುಡ್ ಹಲಗೆಗೆ ಕತ್ತಾಳೆ ನಾರಿನ ಹಗ್ಗವನ್ನು (ಅಂಗಡಿಯವರು ಸೈಸಲ್ ಎನ್ನುವುದು ಇದನ್ನೇ) ಸಂದಿಲ್ಲದಂತೆ ಬಿಗಿಯಾಗಿ ಸುತ್ತಿ, ಜಾರದಂತೆ ಅಡಿಗೆ ರಬ್ಬರ್ ಅಂಟಿಸಿ, ಹಾಳಾದ ನವಿಲಿನ ಮೇಲೆಯೇ ಇಟ್ಟೆ. ಹಲಗೆ ಅಲುಗಾಡಿದರೆ ಬೆಕ್ಕು ಎರಡನೆಯ ಸಲ ಅದನ್ನು ಮುಟ್ಟುವುದಿಲ್ಲ, ಆದ್ದರಿಂದ ಭಾರವಾಗಿರಲಿ. ಸುತ್ತಲಿನ ಜಾಗಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಎರಡೂ ಕಡೆ ಅಂಟಿರುವ ಟೇಪ್ ಹಚ್ಚಿದೆ. ಅಂಟಂಟಾದುದರ ಮೇಲೆ ಕಾಲಿಡಲು ಬೆಕ್ಕುಗಳಿಗೆ ಆಗದು. ಟೇಪನ್ನು ನೇರವಾಗಿ ರತ್ನಗಂಬಳಿಗೆ ಹಚ್ಚಬೇಡಿ, ಗೋಂದು ಎಳೆಗಳಲ್ಲಿ ಉಳಿದುಬಿಡುತ್ತದೆ. ಮೂರನೆಯ ದಿನ ಹಗ್ಗದ ಸಂದಿಯಲ್ಲಿ ಬತ್ತದ ಹೊಟ್ಟಿನಂಥ, ಬಾಗಿದ, ಟೊಳ್ಳಾದ ಚಿಪ್ಪೊಂದು ಸಿಕ್ಕಿಕೊಂಡಿತ್ತು. ಅವನ ಉಗುರಿನ ಹಳೆಯ ಪದರ ಅದು. ಅದನ್ನು ಕಂಡು ನನಗಾದ ಸಂತೋಷ ಹೇಳತೀರದು. ಎರಡು ವಾರ ಹಲಗೆಯನ್ನು ಕದಲಿಸಲಿಲ್ಲ. ಬಳಿಕ ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ಗೇಣು ಸರಿಸುತ್ತ ದಿವಾನದ ಗೋಡೆಯ ಬದಿಗೆ ತಂದೆ. ಒಮ್ಮೆಲೇ ದೂರ ಒಯ್ದವರ ಬೆಕ್ಕುಗಳು ಹಳೆಯ ಮೂಲೆಗೇ ಮರಳಿದ್ದನ್ನು ಕಂಡಿದ್ದೇನೆ.

ಎದ್ದು ನಿಂತು ಬಾಗಿಲು, ಸೋಫಾದ ಕೈ ಪರಚುವ ಬೆಕ್ಕಾದರೆ ಕಂಬವೇ ಸರಿ, ಆದರೆ ಅದು ಮೂರು ಅಡಿಯಾದರೂ ಎತ್ತರವಿರಬೇಕು. ಮಾರಾಟಕ್ಕಿರುವ ಗಿಡ್ಡ ಕಂಬಗಳಲ್ಲಿ ಬೆಳೆದ ಬೆಕ್ಕು ಪೂರ್ತಿ ಮೈ ಚಾಚಲಾರದು.

ಪುಣೆಯಿಂದ

ಮೇಲಿನವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ನೀರು ಚಿಮುಕಿಸುವುದನ್ನು ನಿಲ್ಲಿಸಿ. ನಾವು ಎದುರಿಗಿದ್ದಾಗ ಪರಚಬಾರದು ಎಂಬುದನ್ನು ಮಾತ್ರ ನಮ್ಮ ಬೆಕ್ಕು ಅದರಿಂದ ಕಲಿಯಿತು, ನಾವು ಕೆಲಸಕ್ಕೆ ಹೊರಟ ಮೇಲೆ ಮೊದಲಿನಂತೆಯೇ ನಡೆಸಿತು. ಹಲಗೆಯನ್ನು ಪರಚಿದ ಕ್ಷಣವೇ ಒಂದು ಚೂರು ಬೇಯಿಸಿದ ಕೋಳಿ ಕೊಡಲು ತೊಡಗಿದ ಮೇಲೆ ಫಲ ಕಂಡಿತು.

ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿದರೆ ಪರಚಿದರೂ ಹಾನಿ ಕಡಿಮೆ. ಬೆಕ್ಕು ತೂಕಡಿಸುವಾಗ ಪಾದವನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಬೆಳಕಿಗೆ ಹಿಡಿದಾಗ ಒಳಗೆ ಕಾಣುವ ಗುಲಾಬಿ ಬಣ್ಣದ ಜೀವಂತ ಭಾಗವನ್ನು ಬಿಟ್ಟು, ಪಾರದರ್ಶಕವಾದ ಕೊಕ್ಕನ್ನು ಮಾತ್ರ ತೆಗೆಯಬೇಕು. ದಿನಕ್ಕೆ ಎರಡೇ ಉಗುರಾದರೂ ಸಾಕು. ಮುಂಗಾಲಿನ ಒಳಬದಿಯ ಹೆಬ್ಬೆರಳನ್ನು ಅನೇಕರು ಮರೆಯುತ್ತಾರೆ, ಅದು ಬೆಳೆದು ಸುರುಳಿಯಾಗಿ ಮಾಂಸಕ್ಕೆ ಚುಚ್ಚಬಹುದು.

ವಾಸ್ಕೋದಿಂದ

ನಾನು ಬರೆಯುತ್ತಿರುವುದು ಮುಖ್ಯವಾಗಿ ಎಚ್ಚರಿಕೆಗಾಗಿ. ವಾಸನೆಯಿಂದ ಓಡಿಸಲೆಂದು ರತ್ನಗಂಬಳಿಗೆ ಫಿನಾಯಿಲ್ ಒರೆಸುವುದು, ಅಡಿಗೆ ನುಸಿಗುಳಿಗೆ ಇಡುವುದು, ಕಿತ್ತಳೆ ಅಥವಾ ನೀಲಗಿರಿ ಎಣ್ಣೆ ಸಿಂಪಡಿಸುವುದು ಬೇಡವೇ ಬೇಡ. ಬೆಕ್ಕು ತನ್ನ ಪಾದವನ್ನು ತಾನೇ ನೆಕ್ಕಿ ಶುಚಿ ಮಾಡಿಕೊಳ್ಳುವ ಪ್ರಾಣಿ, ಕಾಲಿಗೆ ಅಂಟಿದ್ದು ಹೊಟ್ಟೆಗೆ ಹೋಗುತ್ತದೆ. ಫಿನಾಯಿಲ್‌ನಂಥ ವಸ್ತುಗಳನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ತೀರಾ ಕಡಿಮೆ. ನಮ್ಮ ಮನೆಯ ಬೆಕ್ಕೊಂದು ಹೀಗೆಯೇ ಜೊಲ್ಲು ಸುರಿಸುತ್ತ ಎರಡು ದಿನ ಪಶುವೈದ್ಯರ ಬಳಿ ಇತ್ತು. ತಪ್ಪು ನನ್ನದೇ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಾಸನೆಯಿಂದ ಓಡಿಸುವ ಬದಲು ವಾಸನೆಯಿಂದ ಕರೆಯಬಹುದು. ಮಳೆಗಾಲದಲ್ಲಿ ಖಾಲಿ ಸೈಟು, ಗೋಡೆಯಂಚಿನಲ್ಲೆಲ್ಲ ಬೆಳೆಯುವ ಕುಪ್ಪಿಗಿಡವನ್ನು ನೀವು ನೋಡಿರುತ್ತೀರಿ. ಅದರ ಬೇರನ್ನು ಕಿತ್ತು ಜಜ್ಜಿ ಹಲಗೆಗೆ ಉಜ್ಜಿದರೆ ಬೆಕ್ಕುಗಳು ಬಂದು ಹೊರಳಾಡುತ್ತವೆ. ಉಜ್ಜಿದ ಬೇರನ್ನು ಎಸೆದುಬಿಡಿ, ತಿನ್ನಲು ಬಿಡಬೇಡಿ. ನಮ್ಮ ಕರಾವಳಿಯ ಮಳೆಯಲ್ಲಿ ರಟ್ಟಿನ ಹಲಗೆ ನೀರು ಹೀರಿ ಮೆತ್ತಗಾಗುತ್ತದೆ, ಹಗ್ಗಕ್ಕೂ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಂಡ ದಿನ ಒಣಗಿಸಿ ತೆಗೆದುಕೊಳ್ಳಿ.

ಮತ್ತೆ ಡೊಂಬಿವಲಿಯಿಂದ, ಮೂರು ವಾರದ ನಂತರ

ಎಲ್ಲರಿಗೂ ಕೃತಜ್ಞತೆಗಳು. ಚಿನ್ನಿ ಸೋಫಾದ ಮೇಲೆಯೇ ಮಲಗುತ್ತಿದ್ದಳು, ಇಳಿದ ತಕ್ಷಣ ಪರಚುತ್ತಿದ್ದಳು. ಹೊಸ ಹಲಗೆ ಮಾಡಿಸುವ ಮೊದಲು ಬಾಲ್ಕನಿಯ ಕಂಬವನ್ನೇ ತಂದು, ಅದೇ ಮೂಲೆಯಲ್ಲಿ ಅಡ್ಡ ಮಲಗಿಸಿ, ಉರುಳದಂತೆ ಎರಡೂ ಬದಿಗೆ ಇಟ್ಟಿಗೆ ಒತ್ತು ಕೊಟ್ಟು ನೋಡಿದೆ. ಮರುದಿನವೇ ಅದರ ಮೇಲೆ ಉಗುರೂರಿದಳು. ಈ ಮೂರು ವಾರದಲ್ಲಿ ರತ್ನಗಂಬಳಿಗೆ ಹೋದದ್ದು ಎರಡೇ ಸಲ, ಅದೂ ಮನೆಗೆ ನೆಂಟರು ಬಂದ ದಿನ. ಮೇಲೆದ್ದಿದ್ದ ಎಳೆಗಳನ್ನು ಎಳೆಯದೆ ಕತ್ತರಿಯಿಂದ ಸಮ ಮಾಡಿದ್ದೇನೆ. ಇಟ್ಟಿಗೆಗಳಿಗೆ ಹಳೆಯ ಸೀರೆಯ ಬಟ್ಟೆ ಸುತ್ತಿದ್ದೇನೆ, ಮುಂದಿನ ವಾರದಿಂದ ಗೇಣುಗೇಣಾಗಿ ಸರಿಸಲು ತೊಡಗುತ್ತೇನೆ.