ಫಾರ್-ಇನ್ಫ್ರಾರೆಡ್: ‘ದೂರದ ಅವಗೆಂಪು’ ಸರಿಯೇ?

ಎಲ್ಲರಿಗೂ ನಮಸ್ಕಾರ.

ಹರ್ಷೆಲ್ ಬಾಹ್ಯಾಕಾಶ ದೂರದರ್ಶಕದ ಬಗ್ಗೆ ಹೈಸ್ಕೂಲು ಮಕ್ಕಳಿಗಾಗಿ ಒಂದು ಲೇಖನ ಬರೆಯುತ್ತಿದ್ದೇನೆ. ‘ಫಾರ್-ಇನ್ಫ್ರಾರೆಡ್ ಕ್ಯಾಮೆರಾ’ ಎನ್ನುವಲ್ಲಿಗೆ ಬಂದು ಕೈ ನಿಂತಿದೆ. ಇನ್ಫ್ರಾರೆಡ್ ಎಂದರೆ ಅವಗೆಂಪು, ಕೆಂಪಿನ ಆಚೆಗಿರುವ, ಕಣ್ಣಿಗೆ ಕಾಣದ ಬೆಳಕು. ಮೊದಲ ಕರಡಿನಲ್ಲಿ ‘ದೂರದ ಅವಗೆಂಪು ಕ್ಯಾಮೆರಾ’ ಎಂದು ಬರೆದು, ಒಂಬತ್ತನೇ ತರಗತಿಯಲ್ಲಿರುವ ತಂಗಿಯ ಮಗಳಿಗೆ ಓದಲು ಕೊಟ್ಟೆ. “ದೂರ ಇರೋದನ್ನ ನೋಡೋ ಕ್ಯಾಮೆರಾನಾ ದೊಡ್ಡಮ್ಮ?” ಎಂದು ಕೇಳಿದಳು. ತಪ್ಪು ಅವಳದಲ್ಲ, ಪದದ್ದು.

ಇಲ್ಲಿನ ‘ಫಾರ್’ಗೂ ವಸ್ತು ಎಷ್ಟು ದೂರದಲ್ಲಿದೆ ಎಂಬುದಕ್ಕೂ ಸಂಬಂಧವೇ ಇಲ್ಲ. ವರ್ಣಪಟಲದಲ್ಲಿ ಕೆಂಪಿನಿಂದ ಎಷ್ಟು ಆಚೆಗಿದೆ ಎಂಬುದಷ್ಟೇ ಲೆಕ್ಕ. ಹರ್ಷೆಲ್‌ನ ಪ್ಯಾಕ್ಸ್ ಕ್ಯಾಮೆರಾ 70, 100 ಮತ್ತು 160 ಮೈಕ್ರೋಮೀಟರ್ ತರಂಗದೂರಗಳಲ್ಲಿ ನೋಡುತ್ತಿತ್ತು, ಅದರ ಇನ್ನೊಂದು ಕ್ಯಾಮೆರಾ ಸ್ಪೈರ್ 250, 350 ಮತ್ತು 500ರಲ್ಲಿ. ಇದೇ ಪ್ಯಾಕ್ಸ್ 2013ರ ಜನವರಿಯಲ್ಲಿ ಅಪೋಫಿಸ್ ಕ್ಷುದ್ರಗ್ರಹವನ್ನು ನೋಡಿತು. ಅದು ಆಗ ಭೂಮಿಯಿಂದ ಒಂದೂವರೆ ಕೋಟಿ ಕಿಲೋಮೀಟರ್ ಒಳಗೇ ಇತ್ತು. ಸೂರ್ಯನಿಗಿಂತಲೂ ನಮಗೆ ಹತ್ತಿರ! ಅದನ್ನು ‘ದೂರದ ಅವಗೆಂಪು ಕ್ಯಾಮೆರಾ ನೋಡಿತು’ ಎಂದರೆ ಓದುವವರು ದಾರಿ ತಪ್ಪದೆ ಇರುತ್ತಾರೆಯೇ?

‘ದೂರ’ಕ್ಕೆ ನಮ್ಮ ವಿಜ್ಞಾನ ಬರವಣಿಗೆಯಲ್ಲಿ ಈಗಾಗಲೇ ಹೊರೆ ಜಾಸ್ತಿ. ದೂರದರ್ಶಕವಿದೆ, ತರಂಗದೂರವಿದೆ, ದೂರಸಂವೇದಿ ಉಪಗ್ರಹಗಳಿವೆ. ‘ದೂರ ಅವಗೆಂಪು ತರಂಗದೂರಗಳ ದೂರದರ್ಶಕ’ ಎಂದು ಒಮ್ಮೆ ಗಟ್ಟಿಯಾಗಿ ಓದಿ ನೋಡಿ.

ನನಗೆ ಹೊಳೆದದ್ದು ‘ಆಚೆಯ ಅವಗೆಂಪು’. ನಿಯರ್-ಇನ್ಫ್ರಾರೆಡ್ ‘ಈಚೆಯ ಅವಗೆಂಪು’, ಮಿಡ್ ‘ನಡು ಅವಗೆಂಪು’. ಹೊಳೆಗೆ ಈಚೆ ದಡ, ಆಚೆ ದಡ ಇರುವ ಹಾಗೆ. ನಾವು ನಿಂತಿರುವುದು ಕಣ್ಣಿಗೆ ಕಾಣುವ ಬೆಳಕಿನ ಕಡೆ, ಅಲ್ಲಿಂದಲೇ ಆಚೆ-ಈಚೆ ಎಣಿಸುವುದು. ಅವಗೆಂಪು ಬೆಳಕು ಗೊತ್ತಾದದ್ದೂ ಹಾಗೆಯೇ. 1800ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ಅಶ್ರಗದಿಂದ (ಪ್ರಿಸಂ) ಬಿಸಿಲನ್ನು ಬಣ್ಣಗಳಾಗಿ ಹರಡಿ, ಕೆಂಪು ಮುಗಿದ ಮೇಲೆ, ಅದರ ಆಚೆಗೆ ಉಷ್ಣಮಾಪಕ ಇಟ್ಟರು. ಬಣ್ಣವೇ ಇಲ್ಲದ ಆ ಜಾಗದಲ್ಲಿ ಪಾದರಸ ಏರಿತು. ಅವರ ಹೆಸರು ಹೊತ್ತ ದೂರದರ್ಶಕದ ಲೇಖನಕ್ಕೆ ‘ಆಚೆ’ಗಿಂತ ಒಪ್ಪುವ ಪದ ನನಗಂತೂ ಕಾಣುತ್ತಿಲ್ಲ.

‘ಅತಿಗೆಂಪು’ ಎಂದು ಬರೆಯುವವರೂ ಇದ್ದಾರೆ. ಕನ್ನಡದ ಕಿವಿಗೆ ಅದು ‘ತುಂಬಾ ಕೆಂಪು’ ಎಂದೇ ಕೇಳಿಸುತ್ತದೆ, ಹಾಗಾಗಿ ನಾನು ಬಳಸುವುದಿಲ್ಲ. ಗೆಳತಿಯೊಬ್ಬಳು ‘ತಂಪು ಅವಗೆಂಪು’ ಎಂದು ಸೂಚಿಸಿದಳು. ಅದರಲ್ಲಿ ಅರ್ಥವಿದೆ. ಸೊನ್ನೆ ಕೆಳಗೆ 240 ಡಿಗ್ರಿಯಷ್ಟು ತಣ್ಣಗಿರುವ ಧೂಳಿನ ಮೋಡಗಳು ಅತಿ ಹೆಚ್ಚು ಹೊಳೆಯುವುದು ಸುಮಾರು 100 ಮೈಕ್ರೋಮೀಟರ್‌ನ ಆಸುಪಾಸಿನಲ್ಲಿ. ಉಪಕರಣವೂ ತಣ್ಣಗಿರಲೇಬೇಕು, ಇಲ್ಲದಿದ್ದರೆ ತನ್ನ ಶಾಖವೇ ತನಗೆ ಕಣ್ಣು ಕುಕ್ಕುತ್ತದೆ. ಹರ್ಷೆಲ್ ಅದಕ್ಕೆಂದೇ 2,300 ಲೀಟರಿಗೂ ಹೆಚ್ಚು ದ್ರವ ಹೀಲಿಯಂ ಹೊತ್ತು 2009ರ ಮೇ ತಿಂಗಳಲ್ಲಿ ಹೊರಟಿತ್ತು. 2013ರ ಏಪ್ರಿಲ್‌ನಲ್ಲಿ ಹೀಲಿಯಂ ಮುಗಿಯಿತು, ನೋಟವೂ ಮುಗಿಯಿತು. ಆದರೂ ‘ತಂಪು’ ಎಂದರೆ ಬೆಳಕಿನ ಗುಣ ಹೇಳಿದಂತಾಗುತ್ತದೆ, ವರ್ಣಪಟಲದಲ್ಲಿ ಅದರ ಜಾಗ ಹೇಳಿದಂತಾಗುವುದಿಲ್ಲ.

ಲೇಖನದಲ್ಲಿ ಬರುವ ಇನ್ನೊಂದು ಪದ ‘ಇಮೇಜಿಂಗ್’ (ಬಿಂಬ ತೆಗೆಯುವುದು). ಅದರ ಬಗ್ಗೆ ನನಗೆ ಹೆಚ್ಚು ತಕರಾರಿಲ್ಲ. ಉಪಕರಣಕ್ಕೆ ಕ್ಯಾಮೆರಾ, ಅದು ಕೊಡುವುದಕ್ಕೆ ಬಿಂಬ. ‘ಫೋಟೋ’ ಬೇಡ. ಪ್ಯಾಕ್ಸ್‌ನ ಒಂದೊಂದು ಚುಕ್ಕೆಯೂ (ಪಿಕ್ಸೆಲ್) ಬಿದ್ದ ಶಾಖಕ್ಕೆ ಎಳ್ಳಷ್ಟು ಬೆಚ್ಚಗಾಗುವ ಬೋಲೋಮೀಟರ್. ನಾವು ನೋಡುವ ನೀಲಿ, ಕೆಂಪು ಬಣ್ಣಗಳು ಆಮೇಲೆ ಇಲ್ಲಿ ಹಚ್ಚಿದವು.

ನನ್ನ ಪ್ರಶ್ನೆ ಇರುವುದು ಬರೆಯುವ ರೀತಿಯಲ್ಲಿ. ಆಚೆ, ಅವಗೆಂಪು ಎರಡನ್ನೂ ಕೂಡಿಸಿದರೆ ಯಕಾರ ಬಂದು ‘ಆಚೆಯವಗೆಂಪು’ ಆಗುತ್ತದೆ. ಓದುವಾಗ ಕಣ್ಣು ‘ಆಚೆಯವ’ ಎಂಬಲ್ಲೇ ತಡೆಯುತ್ತದೆ. ಬಿಡಿಸಿ ‘ಆಚೆಯ ಅವಗೆಂಪು’ ಎಂದೇ ಉಳಿಸಬೇಕೆ, ಅಥವಾ ‘ಅವ’ವನ್ನೇ ಕೈಬಿಟ್ಟು ‘ಆಚೆಗೆಂಪು’ ಎನ್ನಬಹುದೆ? ಹಾಗೆಂದರೆ ಈಚೆಯದಕ್ಕೆ ‘ಈಚೆಗೆಂಪು’ ಎನ್ನಬೇಕಾಗುತ್ತದೆ, ಅದು ಕೆಂಪಿಗೂ ಈಚೆ ಇರುವ ಕಿತ್ತಳೆ ಬಣ್ಣ ಎಂದು ಯಾರಾದರೂ ತಿಳಿದಾರೇ ಎಂಬ ಅನುಮಾನ. ತರಗತಿಯಲ್ಲಿ ಪಾಠ ಮಾಡುವವರು ಏನು ಬಳಸುತ್ತೀರಿ, ದಯವಿಟ್ಟು ತಿಳಿಸಿ.